ಇನ್ಸುಲಿನ್, ಯೋಮ್ ಕಿಪ್ಪುರ್ ಮತ್ತು ಚಾರ್ಟಿನಲ್ಲಿ ಬರೆದ ಒಂದು ಸುಳ್ಳು

ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿರುವ ನಮ್ಮ ಕರಾವಳಿಯವರಿಂದ ಸೆಪ್ಟೆಂಬರ್ ಹತ್ತಿರ ಬಂದಾಗ ಆಪ್ತಸಲಹೆಗಾರ್ತಿಯಾದ ನನಗೆ ಒಂದೇ ಬಗೆಯ ಕರೆ ಬರುತ್ತದೆ. ಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ನಡೆಯುತ್ತಿದೆ, ಆದರೂ ಯಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಉಪವಾಸ ಬಿಡುವುದಿಲ್ಲ ಅನ್ನುತ್ತಾರೆ. ಒಂದು ಸಂಜೆಯಿಂದ ಮರುದಿನ ಕತ್ತಲಾಗುವವರೆಗೆ ಸುಮಾರು 25 ಗಂಟೆ ಊಟವೂ ಇಲ್ಲ, ನೀರೂ ಇಲ್ಲ. ಈ ಪ್ರಕರಣದಲ್ಲಿ ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಕರೆ ಮಾಡಿದವರು ನಲವತ್ತು ದಾಟಿದ ಹೆಂಗಸು. ಆ ಮನೆಯ ಅಜ್ಜಿಯನ್ನು ‘ಸವ್ತಾ’ (ಹೀಬ್ರೂವಿನಲ್ಲಿ ಅಜ್ಜಿ) ಎಂದೇ ಕರೆಯುತ್ತಾರೆ. ಸವ್ತಾರನ್ನು ಒಪ್ಪಿಸುವುದು ಹೇಗೆ ಎಂಬುದೇ ಮೊದಲ ಮಾತುಕತೆಗಳ ವಿಷಯ. ‘ಔಷಧಿ ಕೊಟ್ಟದ್ದೂ ದೇವರೇ ಅಲ್ವಾ’ ಎಂದು ಇವರು ಹೇಳಿದರೆ, ಸವ್ತಾ ಬೈಬಲಿನ ‘ಆಸ’ ಎಂಬ ಅರಸನ ಕಥೆ ತೆಗೆಯುತ್ತಿದ್ದರಂತೆ. ಕಾಲಿಗೆ ರೋಗ ಬಂದಾಗ ಅವನು ದೇವರ ಬಳಿಗೆ ಹೋಗದೆ ವೈದ್ಯರ ಬಳಿಗೆ ಹೋದ, ಸತ್ತ. ಇದು ಎರಡನೆಯ ಪೂರ್ವಕಾಲವೃತ್ತಾಂತದ 16ನೇ ಅಧ್ಯಾಯದಲ್ಲಿದೆ. ಅಲ್ಲಿಗೆ ಇವರ ಬಾಯಿ ಕಟ್ಟುತ್ತಿತ್ತು.

ಆಮೇಲೊಮ್ಮೆ ಮಾತು ಬೇರೆ ಕಡೆ ಹೊರಳಿತು.

‘ಮೇಡಂ, ಒಂದು ವಿಷಯ ಯಾರಿಗೂ ಹೇಳ್ಲಿಲ್ಲ. ಹೋದ ವರ್ಷ ಉಪವಾಸದ ರಾತ್ರಿ 18 ಯೂನಿಟ್ ಕೊಡ್ಬೇಕಿತ್ತು. ನಾನು ಇನ್ಸುಲಿನ್ ಪೆನ್ನನ್ನು 10ಕ್ಕೆ ತಿರುಗಿಸಿ ಚುಚ್ಚಿದೆ. ಚಾರ್ಟಲ್ಲಿ 18 ಅಂತ್ಲೇ ಬರೆದೆ. ಅವರು ಏನೂ ತಿನ್ನುದಿಲ್ಲ ಅಂದ್ರೆ ನಾನು ಎಂತ ಮಾಡುದು?’

ತಿನ್ನದ ದಿನ ಪೂರ್ತಿ ಡೋಸ್ ಕೊಟ್ಟರೆ ಸಕ್ಕರೆ ಕುಸಿಯುತ್ತದೆ ಎಂಬ ಅವರ ಭಯ ನ್ಯಾಯವಾದದ್ದೇ. ಅಪಾಯವಿದ್ದದ್ದು ಚಾರ್ಟಿನಲ್ಲಿ. ಉಪವಾಸ ಮುಗಿಸಿ ಸವ್ತಾ ಹೊಟ್ಟೆ ತುಂಬ ಉಂಡರು, ಮರುದಿನ ಬೆಳಗ್ಗೆ ಸಕ್ಕರೆ 300 ದಾಟಿತ್ತು. ಚಾರ್ಟಿನಲ್ಲಿ 18 ನೋಡಿದ ವೈದ್ಯರು ಅಷ್ಟು ಸಾಲುತ್ತಿಲ್ಲ ಎಂದುಕೊಂಡು 22ಕ್ಕೆ ಏರಿಸಿದರು. ಮುಂದಿನ ವಾರ ಒಂದು ನಸುಕಿನಲ್ಲಿ ಸಕ್ಕರೆ 58ಕ್ಕೆ ಇಳಿದು ಸವ್ತಾ ಬೆವರಿ, ಮಾತು ತೊದಲಿದರು. ಯಾಕೆ ಹಾಗಾಯಿತೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಇವರಿಗೆ ತಿಳಿದಿತ್ತು. ಒಂದು ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದರು.

ನಾನು ಮೊದಲು ಹೇಳಿದ್ದು ಇದನ್ನೇ: ಸವ್ತಾರ ಮಗಳಿಗೂ ವೈದ್ಯರಿಗೂ ನಡೆದದ್ದನ್ನು ತಿಳಿಸಿ. ಕೆಲಸ ಹೋದೀತು, ವೀಸಾ ಹೋದೀತು ಎಂದು ಅತ್ತರು. ಹೇಳಬೇಕಾದ ಎರಡು ವಾಕ್ಯಗಳನ್ನು ಫೋನಿನಲ್ಲೇ ಕೂಡಿ ಕಟ್ಟಿದೆವು: ‘ಕಳೆದ ವರ್ಷ ಹೆದರಿ 10 ಯೂನಿಟ್ ಕೊಟ್ಟು 18 ಎಂದು ಬರೆದೆ. ಈ ವರ್ಷ ಎಷ್ಟು ಕೊಡಬೇಕೆಂದು ಬರೆದುಕೊಡಿ.’ ಕ್ಷಮೆಯ ಜೊತೆಗೆ ಒಂದು ಕೆಲಸದ ಪ್ರಶ್ನೆ ಇಟ್ಟರೆ ಕೇಳುವವರ ಸಿಟ್ಟಿಗೂ ಹೋಗಲು ಒಂದು ದಾರಿ ಇರುತ್ತದೆ.

ಎರಡನೆಯದಾಗಿ, ಸವ್ತಾರ ಜೊತೆ ವಾದ ನಿಲ್ಲಿಸಿ ಎಂದೆ. ವಾದದಲ್ಲಿ ಗೆದ್ದರೂ ಅವರು ತಿನ್ನುವುದಿಲ್ಲ. ಅನುಮತಿ ಕೊಡುವ ಅಧಿಕಾರ ಇವರಿಗಿಲ್ಲ, ಮಗಳಿಗೂ ಇಲ್ಲ. ಸವ್ತಾ ಒಪ್ಪುವ ರಬ್ಬಿಗೆ, ಅಂದರೆ ಯಹೂದಿ ಧರ್ಮಗುರುವಿಗೆ, ಇದೆ. ಅವರನ್ನೂ ‘ತಿನ್ನಬಹುದೇ’ ಎಂದು ಕೇಳಬಾರದು. ‘ವೈದ್ಯರು ಹೀಗೆ ಬರೆದಿದ್ದಾರೆ, ಎಷ್ಟು, ಹೇಗೆ ತಿನ್ನಬೇಕು’ ಎಂದು ಸವ್ತಾ ತಾವೇ ಕೇಳಬೇಕು.

ಧರ್ಮದ ವಿಷಯಕ್ಕೆ ಆಪ್ತಸಲಹೆಗಾರರು ಕೈ ಹಾಕಬಾರದು ಎಂಬ ಆಕ್ಷೇಪ ನನಗೆ ಗೊತ್ತು. ನಂಬಿಕೆಯನ್ನು ಪಕ್ಕಕ್ಕಿಡಿ ಎಂದು ಎಂಬತ್ತರ ಹಿರಿಯರಿಗೆ ಹೇಳುವುದು ಸಲಹೆಯಲ್ಲ. ಮೇಲಾಗಿ, ಇಲ್ಲಿ ಪಕ್ಕಕ್ಕಿಡುವ ಅಗತ್ಯವೇ ಇಲ್ಲ. ಬೈಬಲಿನ ವಿಮೋಚನಕಾಂಡ 21:19ರಲ್ಲಿ, ಹೊಡೆದವನು ಪೆಟ್ಟು ತಿಂದವನಿಗೆ ಚಿಕಿತ್ಸೆ ಮಾಡಿಸಬೇಕೆಂದಿದೆ. ವೈದ್ಯರಿಗೆ ಗುಣಪಡಿಸುವ ಅನುಮತಿ ಇಲ್ಲಿಂದಲೇ ಬಂತು ಎಂದು ಯಹೂದಿ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುಡ್ ಹೇಳುತ್ತದೆ. ಸವ್ತಾರ ಹಿಂಜರಿಕೆಗೂ ಅದೇ ಪರಂಪರೆಯಲ್ಲಿ ಬೇರಿದೆ: ಹೊರಗಿನ ಗಾಯ ವೈದ್ಯರಿಗೆ, ಒಳಗಿನ ರೋಗ ದೇವರಿಗೆ ಎಂದು ಮಧ್ಯಯುಗದ ಯಹೂದಿ ವ್ಯಾಖ್ಯಾನಕಾರ ಇಬ್ನ್ ಎಜ್ರಾ ಬರೆದರು. ನಿಜವಾದ ನೀತಿವಂತರು ವೈದ್ಯರ ಮನೆಗೆ ಹೋಗುವುದಿಲ್ಲ ಎಂದು ಅದೇ ಯುಗದ ಪಂಡಿತ ನಹ್ಮಾನಿಡೀಸ್ ಬರೆದರು, ಅವರೇ ವೈದ್ಯರಾಗಿದ್ದರೂ. ಇದಕ್ಕೆದುರಾಗಿ ಅದೇ ಯುಗದ ಮತ್ತೊಬ್ಬ ಪಂಡಿತ ಮೈಮೋನಿಡೀಸ್ ಕೇಳಿದ್ದು: ಹಸಿದವನು ರೊಟ್ಟಿ ತಿಂದರೆ ದೇವರ ಮೇಲಿನ ಭರವಸೆ ಬಿಟ್ಟನೆಂದು ಅರ್ಥವೇ? ಆಚರಣೆಯಲ್ಲಿ ನಿಂತದ್ದು ಈ ಎರಡನೆಯ ದಾರಿ. ಯೋಸೆಫ್ ಕಾರೋ 16ನೇ ಶತಮಾನದಲ್ಲಿ ಬರೆದ ಯಹೂದಿ ಧರ್ಮನಿಯಮಗಳ ಸಂಹಿತೆ ಶುಲ್ಹಾನ್ ಆರುಖ್ ಪ್ರಕಾರ ಚಿಕಿತ್ಸೆ ಕೊಡುವುದು ಕರ್ತವ್ಯ, ತಡೆಹಿಡಿದವನು ರಕ್ತ ಸುರಿಸಿದಂತೆ. ಈ ಹಗ್ಗಜಗ್ಗಾಟವೆಲ್ಲ ರಬ್ಬಿಗಳಿಗೆ ತಿಳಿದದ್ದೇ, ಹಾಗಾಗಿ ಅವರ ಬಳಿಗೇ ಕಳಿಸುವುದು.

ಇನ್ನು ಕೆಲಸದ ವಿಷಯ. ಎರಡು ಮೂರು ವಾರ ಮೊದಲೇ ವೈದ್ಯರನ್ನು ಕಾಣಬೇಕು. ಆ ದಿನದ ಇನ್ಸುಲಿನ್ ಎಷ್ಟು, ಮೂತ್ರ ಹೆಚ್ಚಿಸುವ ಮಾತ್ರೆ ಬೇಕೋ ಬೇಡವೋ, ಸಕ್ಕರೆ ಎಷ್ಟಕ್ಕಿಳಿದರೆ ಏನು ಮಾಡುವುದು, ಎಲ್ಲ ಬರವಣಿಗೆಯಲ್ಲಿರಬೇಕು. ಆ ಕಾಗದವೇ ರಬ್ಬಿಯ ಮುಂದೆ ಹೋಗುವುದು. ಪೂರ್ತಿ ಉಣ್ಣಬೇಕಾದವರಿಗೆ ಅವರು ಹಾಗೇ ಹೇಳುತ್ತಾರೆ. ಉಳಿದವರಿಗೆ ‘ಶಿಯುರಿಮ್’, ಅಂದರೆ ಅಳತೆಯ ಕ್ರಮ: ಒಂದು ಸಲಕ್ಕೆ ಸುಮಾರು 30 ಮಿ.ಲೀ.ಗಿಂತ ಕಡಿಮೆ ಆಹಾರ, ಸುಮಾರು 40 ಮಿ.ಲೀ.ಗಿಂತ ಕಡಿಮೆ ನೀರು, ನಡುವೆ 9 ನಿಮಿಷ. ಆಹಾರ, ನೀರು ಬೇರೆ ಬೇರೆ ಲೆಕ್ಕ, ಹಾಗಾಗಿ ಎರಡನ್ನೂ ಒಟ್ಟಿಗೇ ಕೊಡಬಹುದು. 35 ಮಿ.ಲೀ.ಯಂತೆ ಗಂಟೆಗೆ ಆರು ಸಲ ಕೊಟ್ಟರೆ 210 ಮಿ.ಲೀ. ನೀರು ಒಳಗೆ ಹೋಗುತ್ತದೆ. ಔಷಧಿ ಕುಡಿಸುವ ಚಿಕ್ಕ ಲೋಟಕ್ಕೆ ಹಿಂದಿನ ದಿನವೇ ಪೆನ್ನಿನಿಂದ ಗೆರೆ ಹಾಕಿಡಿ. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಮಧ್ಯಾಹ್ನ ಸುಸ್ತಾದ ಮೇಲೆ ಶುರು ಮಾಡುವುದು. ಆಗ ಈ ಅಳತೆಯಲ್ಲಿ ಚೇತರಿಕೆ ಆಗುವುದಿಲ್ಲ. ಬೆಳಗ್ಗೆಯಿಂದಲೇ ಶುರು ಮಾಡಬೇಕು.

ಸಕ್ಕರೆ 70ಕ್ಕಿಂತ ಇಳಿದರೆ, ಬೆವರು, ನಡುಕ, ತೊದಲು ಕಂಡರೆ ಅಳತೆ, ಗಡಿಯಾರ ಎರಡನ್ನೂ ಬಿಡಿ. ಎಚ್ಚರವಿದ್ದು ನುಂಗುವಂತಿದ್ದರೆ ಮೂರು ನಾಲ್ಕು ಚಮಚ ಸಕ್ಕರೆ ಕದಡಿದ ನೀರು ಒಮ್ಮೆಗೇ ಕೊಟ್ಟು, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಇಸ್ರೇಲಿನ ಆಂಬುಲೆನ್ಸ್ ಸಂಖ್ಯೆ 101ಕ್ಕೆ ಕರೆ ಮಾಡಿ. ಆ ದಿನ ರಸ್ತೆಗಳು ಖಾಲಿ ಇದ್ದರೂ ಆಂಬುಲೆನ್ಸ್ ಓಡುತ್ತದೆ. ಹೀಗೆ ಅಳತೆ ಬಿಡುವುದಕ್ಕೂ ಹಳೆಯ ಆಧಾರವಿದೆ. ಹಸಿವಿನಿಂದ ಕಣ್ಣು ಕತ್ತಲಿಟ್ಟವನಿಗೆ ‘ಕಣ್ಣು ಬೆಳಗುವವರೆಗೆ’ ತಿನ್ನಿಸಿ, ನಿಷಿದ್ಧವಾದದ್ದಾದರೂ ಸರಿ, ಎಂದು ಪ್ರಾಚೀನ ಯಹೂದಿ ನಿಯಮಗ್ರಂಥ ಮಿಷ್ನಾದ ಯೋಮಾ ಭಾಗ ಹೇಳುತ್ತದೆ.

ಮಗಳು ಸಿಟ್ಟಾದರು, ಕೆಲಸದಿಂದ ತೆಗೆಯಲಿಲ್ಲ. ರಬ್ಬಿ ಕಾಗದ ಓದಿ ಅಳತೆಯ ಕ್ರಮವನ್ನೇ ಹೇಳಿದರು. ಸವ್ತಾ ಪಾಲಿಸಿದರು, ಆದರೆ ಮೊದಲ ಲೋಟ ಕುಡಿಯುವಾಗ ಅತ್ತರಂತೆ. ‘ನಾನು ತಪ್ಪು ಮಾಡಿದ್ನಾ ಮೇಡಂ?’ ಎಂದು ಇವರು ಕೇಳಿದರು. ಜೀವಮಾನವಿಡೀ ಮಾಡಿದ ವ್ರತ ಕೈಬಿಟ್ಟಾಗ ದುಃಖವಾಗುತ್ತದೆ, ಅದನ್ನು ಸಮಾಧಾನ ಮಾಡಲು ಹೋಗದೆ ಪಕ್ಕದಲ್ಲಿ ಕೂತಿರಿ ಎಂದೆ. ರಬ್ಬಿಯ ಮಾತು ಆ ವರ್ಷದ ಆರೋಗ್ಯಕ್ಕೆ ಕೊಟ್ಟದ್ದು. ಮುಂದಿನ ವರ್ಷ ವೈದ್ಯರ ಹೊಸ ಕಾಗದದೊಂದಿಗೆ ಮತ್ತೆ ಕೇಳಬೇಕು. ಆ ತಾರೀಕನ್ನು ಈಗ ಮಗಳೇ ಗುರುತು ಹಾಕಿಟ್ಟಿದ್ದಾರೆ.