ಸಮತಟ್ಟು ರಸ್ತೆಯ ಮ್ಯಾರಥಾನ್: 30 ಕಿ.ಮೀ. ದಾಟಿದ ಮೇಲೆ ಕಾಲು ಯಾಕೆ ಕೈಕೊಡುತ್ತದೆ?

ಪ್ರಶ್ನೆ: ಹಾಫ್ ಮ್ಯಾರಥಾನ್ (21.1 ಕಿ.ಮೀ.) 2 ಗಂಟೆ 10 ನಿಮಿಷಕ್ಕೆ ಮುಗಿಸಿದ್ದೇನೆ. ಜನವರಿಯ ಮುಂಬೈ ಫುಲ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ದಾರಿ ಸಮತಟ್ಟು ಅನ್ನುತ್ತಾರೆ, ಹಾಗಾಗಿ 4 ಗಂಟೆ 20 ನಿಮಿಷ ಸಾಕಲ್ಲವೇ? ಅಭ್ಯಾಸವೆಲ್ಲ ನವಿ ಮುಂಬೈಯ ಸಮತಟ್ಟಾದ ಪಾಮ್ ಬೀಚ್ ರಸ್ತೆಯಲ್ಲಿ.
– ಓದುಗರೊಬ್ಬರು, ನೆರೂಳ್

ಉತ್ತರ: ಸಾಲದು. ಹಾಫ್‌ನ ಸಮಯವನ್ನು ಎರಡರಿಂದ ಗುಣಿಸಿದರೆ ಫುಲ್‌ನ ಸಮಯ ಸಿಗುವುದಿಲ್ಲ. 2.1ರಿಂದ ಗುಣಿಸಿ, ಮುಂಬೈಯ ಸೆಕೆಗೆಂದು ಇನ್ನೊಂದು ಹತ್ತು ನಿಮಿಷ ಸೇರಿಸಿ. ನಿಮಗೆ 4 ಗಂಟೆ 45 ನಿಮಿಷ, ಅಂದರೆ ಕಿಲೋಮೀಟರಿಗೆ 6 ನಿಮಿಷ 45 ಸೆಕೆಂಡು, ನ್ಯಾಯವಾದ ಗುರಿ.

ಸಮತಟ್ಟು ದಾರಿಯಲ್ಲಿ ಏರಿಳಿತವಿಲ್ಲದ ಕಾರಣ ಹೆಜ್ಜೆ ಬದಲಾಗುವುದಿಲ್ಲ. ಅವೇ ಮೀನಖಂಡ, ಅವೇ ತೊಡೆಯ ಸ್ನಾಯುಗಳು ಕೊನೆಯವರೆಗೂ ದುಡಿಯಬೇಕು. 30 ಕಿ.ಮೀ. ಆಸುಪಾಸಿನಲ್ಲಿ ದೇಹದ ಗ್ಲೈಕೋಜನ್ (ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ) ಸಂಗ್ರಹವೂ ತಳ ಕಾಣುತ್ತದೆ. ಎರಡೂ ಒಟ್ಟಿಗೆ ಬಂದಾಗ ಓಟ ನಡಿಗೆಯಾಗುತ್ತದೆ. ಇದಕ್ಕೆ ಬೀಜ ಬಿತ್ತುವುದು ಮೊದಲ 5 ಕಿ.ಮೀ.ಗಳಲ್ಲೇ. ಮರೀನ್ ಡ್ರೈವ್‌ನಲ್ಲಿ ಕತ್ತಲು, ತಂಪು, ಸುತ್ತ ಜನ. ಕಿಲೋಮೀಟರಿಗೆ 6 ನಿಮಿಷದ ವೇಗವೂ ಸಲೀಸು ಅನಿಸುತ್ತದೆ. ಅಲ್ಲಿ ಗಡಿಯಾರ 6:55 ತೋರಿಸುತ್ತಿರಲಿ. ಎಡಬಲ ನುಸುಳಿ ಜನರನ್ನು ಹಿಂದಿಕ್ಕಬೇಡಿ; ಹಾಗೆ ನುಸುಳಿದರೆ 42.195 ಕಿ.ಮೀ. ಓಟ ಅರ್ಧ ಕಿಲೋಮೀಟರ್ ಉದ್ದವಾಗುವುದುಂಟು.

ಮುಂಬೈ ಪೂರ್ತಿ ಸಮತಟ್ಟೂ ಅಲ್ಲ. ಪೆಡ್ಡರ್ ರೋಡ್ ಏರು ವರ್ಷಗಟ್ಟಲೆ ಮರಳುವ ಹಾದಿಯಲ್ಲಿ, 35ನೇ ಕಿ.ಮೀ. ಸುಮಾರಿಗೆ, ಓಟಗಾರರನ್ನು ಕಾಡಿದೆ. ಮಾರ್ಗ ಆಗಾಗ ಬದಲಾಗುವುದರಿಂದ ಈ ಸಲದ ನಕ್ಷೆ ನೋಡಿಕೊಳ್ಳಿ. ಬಾಂದ್ರಾ-ವರ್ಲಿ ಸೀ ಲಿಂಕ್ 5.6 ಕಿ.ಮೀ.; ನೆರಳಿಲ್ಲ, ಗಾಳಿ ಎದುರಾದರೆ ನಾಲ್ಕೈದು ಜನರ ಬೆನ್ನ ಹಿಂದೆ ಓಡಿ. ಪಾಮ್ ಬೀಚ್‌ನಲ್ಲಿ ಲಾಂಗ್ ರನ್ (ವಾರದ ದೀರ್ಘ ಓಟ) ಮಾಡಿ, ಆದರೆ ವಾರಕ್ಕೊಮ್ಮೆ ಯಾವುದಾದರೂ ಏರಿನ ರಸ್ತೆಯನ್ನು 6–8 ಸಲ ಹತ್ತಿಳಿಯಿರಿ. ರಸ್ತೆಯಂಚು ಚರಂಡಿಯ ಕಡೆಗೆ ವಾಲಿರುತ್ತದೆ. ಸದಾ ಒಂದೇ ಅಂಚಿನಲ್ಲಿ ಓಡಿದರೆ ಮೊಣಕಾಲಿನ ಹೊರಬದಿ ನೋಯುತ್ತದೆ.

ಆಹಾರ: ಓಟಕ್ಕೆ ಎರಡೂವರೆ ಗಂಟೆ ಮೊದಲು ಮೂರು ಇಡ್ಲಿ, ಒಂದು ಬಾಳೆಹಣ್ಣು. ಸಾಂಬಾರು ಬೇಡ, ಹೊಟ್ಟೆ ಕೇಳುವುದಿಲ್ಲ. 40ನೇ ನಿಮಿಷಕ್ಕೆ ಮೊದಲ ಜೆಲ್ (ಓಡುತ್ತಲೇ ನುಂಗುವ ಸಕ್ಕರೆಪಾಕದ ಪೊಟ್ಟಣ), ಬಳಿಕ ಪ್ರತಿ 35–40 ನಿಮಿಷಕ್ಕೊಂದು, ನೀರಿನೊಂದಿಗೆ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸಿಗಬೇಕು. ಸುಸ್ತಾದ ಮೇಲೆ ತಿಂದರೆ ತಡವಾಯಿತು. ನೀರು ಬಾಯಾರಿಕೆಯಷ್ಟೇ, ನೀರಿನ ಸ್ಟೇಷನ್ ಕಂಡಲ್ಲೆಲ್ಲ ಬಾಟಲಿ ಖಾಲಿ ಮಾಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಕಂಕುಳು, ತೊಡೆಸಂದಿಗೆ ವ್ಯಾಸಲೀನ್ ಹಚ್ಚಿ.

ವಾಪಸಾಗಲು ಹಾರ್ಬರ್ ಮಾರ್ಗದ ಲೋಕಲ್ ರೈಲು ನಂಬಿಕೊಂಡಿದ್ದರೆ ಆ ಭಾನುವಾರ ಮೆಗಾ ಬ್ಲಾಕ್ (ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವುದು) ಇದೆಯೇ ನೋಡಿ.

ಪ್ರಶ್ನೆ: ಓಟಕ್ಕೆ ಮೊದಲೇ ನೋವಿನ ಮಾತ್ರೆ ನುಂಗಬಹುದೇ?
– ಓದುಗರೊಬ್ಬರು, ಮುಲುಂಡ್

ಉತ್ತರ: ಬೇಡ. ಬೆವರಿ ನೀರಿನಂಶ ಇಳಿದಾಗ ಐಬುಪ್ರೊಫೇನ್‌ನಂಥವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತವೆ. ಮಾತ್ರೆ ಇಲ್ಲದೆ ಓಡಲಾಗದಷ್ಟು ನೋವಿದ್ದರೆ ಈ ಸಲ ಬಿಬ್ (ಎದೆಗೆ ಸಿಕ್ಕಿಸುವ ಓಟದ ಸಂಖ್ಯೆ) ಮನೆಯಲ್ಲೇ ಇರಲಿ.