ಕುದುರೆ ಗಾಡಿ ಅಳೆದ ದೂರ

ಪ್ರಶ್ನೆ: ಜುಲೈನಲ್ಲಿ ಕ್ಯಾಲ್ಗರಿಯ ಮಗಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ವಿನಿಪೆಗ್‌ಗೆ ಕಾರಿನಲ್ಲಿ ಹೋಗೋಣ ಅಂದರೆ ಅಳಿಯ, ‘ಮಧ್ಯೆ ಬರೀ ಬಯಲು, ನೋಡೋಕೆ ಏನೂ ಇಲ್ಲ’ ಅನ್ನುತ್ತಾರೆ. ನಿಜವೇ?
— ಓದುಗರೊಬ್ಬರು, ನವಲಗುಂದ

ಉತ್ತರ: ಕಾರಿನಲ್ಲೇ ಹೋಗಿ. ಆದರೆ ದೊಡ್ಡ ಹೆದ್ದಾರಿ ಬಿಡಿ. ಅದರ ಮೇಲೆ ಹೋದವರಿಗೆ ಬಯಲು ಬಿಟ್ಟರೆ ಇನ್ನೇನೂ ಕಾಣುವುದಿಲ್ಲ.

ನಿಮ್ಮ ದಾರಿಯ ಮಧ್ಯೆ ಸಿಗುವ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ರೈಲು ದಾರಿಗಳಲ್ಲಿ ಸುಮಾರು ಹದಿನೈದು ಕಿಲೋಮೀಟರಿಗೊಂದು ಊರು. ಅದು ಸುಮ್ನೆ ಆದದ್ದಲ್ಲ. ರೈತ ಗಾಡಿಗೆ ಗೋಧಿ ಹೇರಿ, ಕುದುರೆ ಹೂಡಿ, ನಿಲ್ದಾಣಕ್ಕೆ ಹೋಗಿ ಕತ್ತಲಾಗುವ ಮುಂಚೆ ಮನೆ ಸೇರಬೇಕಿತ್ತು. ಆ ಲೆಕ್ಕದಲ್ಲೇ ಊರುಗಳು ಎದ್ದವು. ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ಎಂಬ ರೈಲು ಕಂಪನಿ ಇಂಗ್ಲಿಷ್ ಅಕ್ಷರಮಾಲೆ ಹಿಡಿದು ಹೆಸರಿಟ್ಟುಕೊಂಡು ಹೋಯಿತು. ಅಲ್ಲಿನ ಸಾಸ್ಕಟೂನ್ ನಗರದಿಂದ ಆಗ್ನೇಯಕ್ಕೆ ಹೊರಟರೆ ನೀವು ಅದನ್ನು ಕೊನೆಯಿಂದ ಓದುತ್ತೀರಿ: ಝೆಲ್ಮಾ, ಯಂಗ್, ವಾಟ್ರಸ್. ಮುಂದೆ 15ನೇ ಹೆದ್ದಾರಿಯಲ್ಲಿ ಸೆಮನ್ಸ್, ರೇಮೋರ್, ಕ್ವಿಂಟನ್. ವಾಟ್ರಸ್ ಹತ್ತಿರದ ಲಿಟಲ್ ಮ್ಯಾನಿಟೂ ಕೆರೆಯಲ್ಲಿ ಉಪ್ಪು ಎಷ್ಟು ಜಾಸ್ತಿ ಅಂದರೆ, ಈಜು ಬಾರದವರೂ ತೇಲುತ್ತಾರೆ.

ಪ್ರತಿ ಊರಿನ ಗುರುತು ಗ್ರೇನ್ ಎಲಿವೇಟರ್, ಅಂದರೆ ಧಾನ್ಯ ಮೇಲೆತ್ತಿ ತುಂಬಿಡುವ ಎತ್ತರದ ಮರದ ಕಣಜ. 1930ರ ದಶಕದಲ್ಲಿ ಆಲ್ಬರ್ಟಾ, ಸಸ್ಕ್ಯಾಚೆವಾನ್, ಮ್ಯಾನಿಟೋಬಾ ಈ ಮೂರು ಪ್ರಾಂತ್ಯಗಳಲ್ಲಿ 5,700ಕ್ಕೂ ಹೆಚ್ಚು ಇದ್ದವು. ಲಾರಿ ಬಂತು, ದೊಡ್ಡ ಕಾಂಕ್ರೀಟ್ ಕಣಜ ಬಂತು, ಸಣ್ಣ ರೈಲು ದಾರಿಗಳನ್ನು ಕಿತ್ತರು. ಹಳೆಯವನ್ನು ಕೆಡವಿದರು. ಮ್ಯಾನಿಟೋಬಾದ ಇಂಗ್ಲಿಸ್‌ನಲ್ಲಿ ಮಾತ್ರ ಐದು ಕಣಜ ಸಾಲಾಗಿ ಉಳಿದಿವೆ. ನಿಮ್ಮ ದಾರಿಗೆ ಅದು ತೀರ ದೂರವಲ್ಲ, ತಪ್ಪಿಸಬೇಡಿ.

ಮುಖ್ಯ ಬೀದಿಯಲ್ಲಿ ಚೀನೀ ಕೆಫೆ ಇನ್ನೂ ತೆರೆದಿದ್ದರೆ ಅಲ್ಲೇ ಊಟ ಮಾಡಿ. ಒಂದು ಕಾಲಕ್ಕೆ ಹೆಚ್ಚು ಕಡಿಮೆ ಪ್ರತಿ ಊರಿನಲ್ಲೂ ಒಂದಿತ್ತು. ಕೆನಡಾ 1903ರಿಂದ ಬಹುತೇಕ ಚೀನೀ ವಲಸಿಗರಿಂದ ತಲಾ 500 ಡಾಲರ್ ತಲೆಗಂದಾಯ ವಸೂಲು ಮಾಡಿತು. 1923ರಿಂದ 1947ರವರೆಗೆ ಬಾಗಿಲನ್ನೇ ಮುಚ್ಚಿತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗದ ಗಂಡಸರು ವರ್ಷಗಟ್ಟಲೆ ಒಂಟಿಯಾಗಿದ್ದು ಊರಿಗೆಲ್ಲ ಅಡುಗೆ ಮಾಡಿ ಬಡಿಸಿದರು. ಆ ಮೇಜಿನ ಮುಂದೆ ಕೂತಾಗ ನನಗೆ ಇದೇ ನೆನಪಾಗುತ್ತದೆ.

ಹೊಲದಲ್ಲಿ ಕ್ಯಾನೋಲ, ಅಂದರೆ ಸಾಸಿವೆ ಜಾತಿಯ ಎಣ್ಣೆಬೀಜದ ಬೆಳೆ, ಹಳದಿಯಾಗಿ ಅರಳಿರುತ್ತದೆ. ಮೊಣಕಾಲೆತ್ತರದ ಮಸೂರ ಗಿಡಗಳೂ ಸಿಗುತ್ತವೆ. ಭಾರತಕ್ಕೆ ಬರುವ ಮಸೂರದಲ್ಲಿ ದೊಡ್ಡ ಪಾಲು ಕೆನಡಾದ್ದೇ. ನಿಮ್ಮ ಅಡುಗೆಮನೆಯ ಡಬ್ಬಿಯಲ್ಲೂ ಇದ್ದೀತು.

ಟ್ಯಾಂಕ್ ಅರ್ಧ ಆದಾಗಲೇ ಪೆಟ್ರೋಲ್ ತುಂಬಿಸಿ, ಎಷ್ಟೋ ಊರಲ್ಲಿ ಬಂಕ್ ಇಲ್ಲ. ಮಳೆ ಬಂದರೆ ಮಣ್ಣು ರಸ್ತೆಗೆ ಇಳಿಯಬೇಡಿ. ಅಲ್ಲಿನ ಜಿಗುಟು ಮಣ್ಣಿಗೆ ಗಂಬೋ ಅಂತಾರೆ. ನವಲಗುಂದದ ಎರೆ ಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುವುದು ನಿಮಗೆ ಗೊತ್ತಲ್ವಾ, ಇದೂ ಹಾಗೇ.