ಒಪ್ಪಂದದಲ್ಲಿ ಆರ್ಬಿಟ್ರೇಷನ್ (ಕೋರ್ಟ್ ಬದಲು ಮಧ್ಯಸ್ಥರಿಂದ ವ್ಯಾಜ್ಯ ತೀರ್ಮಾನ) ಷರತ್ತಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದಾ?

ಖಂಡಿತ ಹೋಗಬಹುದು. ಫ್ಲಾಟ್ ಕೊಡಲು ತಡಮಾಡಿದ ಬಿಲ್ಡರ್‌ಗಳು ಆ ಷರತ್ತು ತೋರಿಸಿ ‘ಇಲ್ಲಿ ದೂರು ನಡೆಯಲ್ಲ’ ಅನ್ನುವುದು ಹಳೇ ವಾದ. ಎಮಾರ್ ಎಂಜಿಎಫ್ ಎಂಬ ಬಿಲ್ಡರ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಇದನ್ನು ತಳ್ಳಿಹಾಕಿತು. ಆರ್ಬಿಟ್ರೇಷನ್ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯೂ ಬಿಲ್ಡರ್ ನೆರವಿಗೆ ಬರಲಿಲ್ಲ. ಆಯ್ಕೆ ಗ್ರಾಹಕನದು, ಕಂಪನಿಯದಲ್ಲ. ಅಚ್ಚು ಹಾಕಿದ ಕರಾರಿಗೆ ಸುಮ್ನೆ ಸಹಿ ಹಾಕಿದವರಿಗೆ ಇದು ಸಿಗಲೇಬೇಕಾದ ನ್ಯಾಯ, ಅಲ್ವಾ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ ಸಾಕು, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ತೊಂದರೆ ಆದ 2 ವರ್ಷದೊಳಗೆ ದೂರು ಹಾಕಿ, ರಸೀದಿಗಳನ್ನು ಜೋಪಾನವಾಗಿಡಿ. ಆದರೆ ನೀವಾಗಿಯೇ ಆರ್ಬಿಟ್ರೇಷನ್‌ಗೆ ಹೋಗುವ ಮುನ್ನ ವಕೀಲರನ್ನು ಕೇಳಿ.